‘ಕೆಲವೆಡೆ ಮಳೆ’ ಎಂದರೆ ನಮ್ಮ ಹೊಲವೂ ಸೇರಿತೇ? ಮೊಬೈಲ್‌ಗೆ ಬರುವ ಕೃಷಿ ಸಂದೇಶವನ್ನು ಅರ್ಥ ಮಾಡಿಕೊಳ್ಳುವ ಬಗೆ

ಮುಂಗಾರಿನ ಆರಂಭದಲ್ಲಿ ಚಿಕ್ಕಪ್ಪ ಹೊಲದ ಬದುವಿನ ಮೇಲೆ ನಿಂತು ತಮ್ಮ ಮೊಬೈಲನ್ನು ನನ್ನ ಕೈಗಿಟ್ಟರು. ಮನೆಯಲ್ಲಿ ಕಡಲೆಕಾಯಿ ಬೀಜ ಸುಲಿದು ಸಿದ್ಧವಾಗಿತ್ತು. ಕೂರಿಗೆಯವನಿಗೂ ಹೇಳಿಯಾಗಿತ್ತು. ಪರದೆಯ ಮೇಲೆ ಒಂದು ಎಸ್‌ಎಂಎಸ್: ಮುಂದಿನ ಐದು ದಿನ ಜಿಲ್ಲೆಯ ಕೆಲವೆಡೆ ಹಗುರದಿಂದ ಸಾಧಾರಣ ಮಳೆಯಾಗುವ ಸಾಧ್ಯತೆ ಇದೆ. ‘ಈ ಕೆಲವೆಡೆ ಎನ್ನುವುದರಲ್ಲಿ ನಮ್ಮ ಹೊಲ ಇದೆಯೇನಪ್ಪ?’ ಎಂದು ಕೇಳಿದರು. ನನ್ನ ಬಾಯಿಂದ ಉತ್ತರ ಹೊರಡಲಿಲ್ಲ.

ಇಂಥ ಸಂದೇಶಗಳು ಈಗ ಕೋಟಿಗಟ್ಟಲೆ ಮೊಬೈಲ್‌ಗಳಿಗೆ ಹೋಗುತ್ತಿವೆ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ, ಮಳೆಗಾಲ ಯಾವಾಗ ಶುರುವಾಗುತ್ತದೆ ಎಂಬ ಮುನ್ಸೂಚನೆಯನ್ನು ಎಸ್‌ಎಂಎಸ್ ಮೂಲಕ ಕಳುಹಿಸಿತು. ಕೃತಕ ಬುದ್ಧಿಮತ್ತೆಯ ನೆರವಿನಿಂದ ಸಿದ್ಧಪಡಿಸಿದ ಆ ಮುನ್ಸೂಚನೆ ನಾಲ್ಕು ವಾರ ಮುಂಚಿತವಾಗಿಯೇ ರೈತರ ಕೈಸೇರುತ್ತಿತ್ತು. ಆ ವರ್ಷ ಮುಂಗಾರು ಬೇಗ ಬಂದು, ನಡುದಾರಿಯಲ್ಲಿ ಸುಮಾರು 20 ದಿನ ನಿಂತುಬಿಟ್ಟಿತು. ಮಳೆ ಹಾಗೆ ನಿಲ್ಲುವುದನ್ನೂ ಮುನ್ಸೂಚನೆ ಮೊದಲೇ ಹಿಡಿದಿತ್ತು. ಮಧ್ಯಪ್ರದೇಶ ಮತ್ತು ಬಿಹಾರದಲ್ಲಿ ಆಮೇಲೆ ದೂರವಾಣಿ ಸಮೀಕ್ಷೆ ನಡೆದಾಗ, ಶೇ 31ರಿಂದ 52ರಷ್ಟು ರೈತರು ಸಂದೇಶ ನೋಡಿ ಭೂಮಿ ಸಿದ್ಧತೆ, ಬಿತ್ತನೆಯ ದಿನ ಅಥವಾ ಬೆಳೆಯ ಆಯ್ಕೆಯನ್ನು ಬದಲಿಸಿಕೊಂಡಿದ್ದಾಗಿ ಹೇಳಿದರು.

ಎರಡು ಎಕರೆ ಮಳೆಯಾಶ್ರಿತ ಹೊಲವಿರುವ ಮನೆಯಲ್ಲಿ ಒಂದು ಬಿತ್ತನೆ ಕೈಕೊಟ್ಟರೆ ಬೀಜ, ಗೊಬ್ಬರ, ಕೂಲಿ ಎಲ್ಲವೂ ಮಣ್ಣುಪಾಲು. ಹೀಗಾಗಿ ಆ ನಾಲ್ಕು ಸಾಲುಗಳಲ್ಲಿ ಏನಿದೆ, ಏನಿಲ್ಲ ಎಂಬುದು ನಮ್ಮಂಥ ಮನೆಗಳಿಗೆ ದೊಡ್ಡ ಮಾತು.

## ಸಂದೇಶ ಹೊರಡುವುದು ಎಲ್ಲಿಂದ?

ಭಾರತೀಯ ಹವಾಮಾನ ಇಲಾಖೆ ರೈತರಿಗೆಂದೇ ಹವಾಮಾನ ವರದಿ ಕೊಡಲು ಆರಂಭಿಸಿದ್ದು 1945ರಲ್ಲಿ, ರೇಡಿಯೊ ಮೂಲಕ. ಇಂದು ‘ಗ್ರಾಮೀಣ ಕೃಷಿ ಮೌಸಮ್ ಸೇವೆ’ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಕೆಲಸ ಅದರದೇ ಮುಂದುವರಿಕೆ.

ಇಲಾಖೆ ಮೊದಲು ಮುಂದಿನ ಐದು ದಿನಗಳ ಮುನ್ಸೂಚನೆಯನ್ನು ಅಂಕಿಗಳಲ್ಲಿ ಕೊಡುತ್ತದೆ: ಮಳೆ ಎಷ್ಟು ಮಿಲಿಮೀಟರ್, ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ, ಬೆಳಗಿನ ಮತ್ತು ಮಧ್ಯಾಹ್ನದ ತೇವಾಂಶ, ಗಾಳಿಯ ವೇಗ ಮತ್ತು ದಿಕ್ಕು, ಮೋಡ. ಈ ಅಂಕಿಗಳು ಬೆಂಗಳೂರಿನ ಜಿಕೆವಿಕೆ, ಧಾರವಾಡ, ರಾಯಚೂರಿನಂಥ ಕೃಷಿ ವಿಶ್ವವಿದ್ಯಾಲಯಗಳ ಹವಾಮಾನ ಘಟಕಗಳಿಗೆ ಹೋಗುತ್ತವೆ. ಅಲ್ಲಿನ ತಜ್ಞರು ಆ ಅಂಕಿಗಳನ್ನು ಬೆಳೆಯ ಪಕ್ಕದಲ್ಲಿಟ್ಟು ನೋಡುತ್ತಾರೆ. ರಾಗಿ ಈಗ ತೆಂಡೆ ಒಡೆಯುವ ಹಂತದಲ್ಲಿದೆ, ನಾಲ್ಕು ದಿನ ಮಳೆ ಇಲ್ಲ, ಹಾಗಾದರೆ ಮೇಲುಗೊಬ್ಬರ ಈಗ ಬೇಡ. ಇದು ಅವರು ಮಾಡುವ ಲೆಕ್ಕ. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಹೀಗೆ ಸಲಹಾ ಪತ್ರ ಸಿದ್ಧವಾಗುತ್ತದೆ. ಅದರ ಸಾರಾಂಶವೇ ನಿಮ್ಮ ಮೊಬೈಲ್‌ಗೆ ಬರುವ ಸಂದೇಶ.

ಸಂದೇಶವನ್ನು ಹೊತ್ತು ತರುವ ಸರ್ಕಾರಿ ವ್ಯವಸ್ಥೆಯ ಹೆಸರು ಎಂ-ಕಿಸಾನ್. ಇದು ಶುರುವಾಗಿದ್ದು 2013ರ ಜುಲೈನಲ್ಲಿ. ಅಂಚೆ ಇಲಾಖೆಯಂತೆ ಇದರ ಕೆಲಸ ತಲುಪಿಸುವುದು. ಕಾಗದ ಬರೆಯುವವರು ಬೇರೆ. ಕೃಷಿ, ತೋಟಗಾರಿಕೆ, ಪಶುಸಂಗೋಪನೆ ಇಲಾಖೆಗಳ ಅಧಿಕಾರಿಗಳು, ಕೃಷಿ ವಿಜ್ಞಾನ ಕೇಂದ್ರದವರು ಮತ್ತು ಹವಾಮಾನ ಘಟಕದವರು ಇದರ ಮೂಲಕವೇ ಸಂದೇಶ ಕಳುಹಿಸಬಹುದು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಜಿಲ್ಲೆಗೊಂದು ಸಲಹೆ ಸಾಲದು, ತಾಲ್ಲೂಕಿಗೊಂದು ಬೇಕು ಎಂಬ ಉದ್ದೇಶದಿಂದ ದೇಶದ 199 ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು ತೆರೆಯಲಾಗಿತ್ತು. 2024ರಲ್ಲಿ ಅವು ಮುಚ್ಚಿದವು. ಆ ಜಿಲ್ಲೆಗಳಿಗೆ ಸಲಹೆ ಬರೆಯುವ ಹೊಣೆ ಮತ್ತೆ ದೂರದ ಘಟಕಗಳ ಮೇಲೆ ಬಿತ್ತು. ಸಂದೇಶ ಬರೆಯುವವರು ಹೊಲದಿಂದ ದೂರವಾದಷ್ಟೂ ‘ಕೆಲವೆಡೆ’ಯಂಥ ಪದಗಳು ಹೆಚ್ಚುತ್ತವೆ ಎಂಬುದು ನನ್ನ ಆತಂಕ.

## ಎಪ್ಪತ್ತು ಸ್ಥಾನಗಳಲ್ಲಿ ಕನ್ನಡ

ಸಂದೇಶಗಳು ಅಷ್ಟು ಮೊಟಕಾಗಿರುವುದೇಕೆ? ಒಂದು ಎಸ್‌ಎಂಎಸ್‌ನಲ್ಲಿ ತುಂಬಬಹುದಾದ ಮಾಹಿತಿ 140 ಬೈಟ್ ಮಾತ್ರ. ಇಂಗ್ಲಿಷ್ ಲಿಪಿಯಲ್ಲಾದರೆ ಅಷ್ಟರಲ್ಲಿ 160 ಅಕ್ಷರ ಹಿಡಿಯುತ್ತದೆ. ಕನ್ನಡದಂಥ ಲಿಪಿಗೆ ಪ್ರತಿ ಚಿಹ್ನೆಗೂ ಎರಡು ಬೈಟ್ ಬೇಕು. ಹಾಗಾಗಿ ನಮಗೆ ಸಿಗುವುದು 70 ಸ್ಥಾನ.

ಅದು ಎಪ್ಪತ್ತು ಅಕ್ಷರವೂ ಅಲ್ಲ. ಯಂತ್ರದ ಲೆಕ್ಕದಲ್ಲಿ ಕೊಂಬು, ಗುಡಿಸು, ಏತ್ವ, ಒತ್ತು ಎಲ್ಲವೂ ಬೇರೆ ಬೇರೆ. ‘ಬಿತ್ತನೆ’ ನಮ್ಮ ಕಣ್ಣಿಗೆ ಮೂರಕ್ಷರ. ಯಂತ್ರ ಅದಕ್ಕೆ ಏಳು ಸ್ಥಾನ ಎಣಿಸುತ್ತದೆ. ಒಂದು ಸಂದೇಶವನ್ನು ಬರೆದೇ ನೋಡೋಣ: ‘ಮೆಕ್ಕೆಜೋಳ ಸುಳಿ ನೋಡಿ, ಹುಳು ಇದ್ದರೆ ಸಂಜೆ ಸಿಂಪಡಿಸಿ’. ಇಷ್ಟಕ್ಕೆ 46 ಸ್ಥಾನ ಮುಗಿದವು, ಉಳಿದದ್ದು 24. ಆದರೆ ಏನನ್ನು ಸಿಂಪಡಿಸಬೇಕು? ‘ಇಮಾಮೆಕ್ಟಿನ್ ಬೆಂಜೊಯೇಟ್’ ಎಂಬ ಹೆಸರೊಂದಕ್ಕೇ 21 ಸ್ಥಾನ ಬೇಕು. ಲೀಟರಿಗೆ ಎಷ್ಟು ಗ್ರಾಂ ಎಂದು ಹೇಳಲು ಜಾಗವೇ ಇಲ್ಲ.

ಉದ್ದದ ಸಂದೇಶವನ್ನು ತುಂಡು ಮಾಡಿ ಕಳುಹಿಸಿ, ಮೊಬೈಲ್ ಅದನ್ನು ಜೋಡಿಸುವಂತೆ ಮಾಡುವ ಉಪಾಯ ಇದೆ. ಆಗ ಪ್ರತಿ ತುಂಡಿಗೆ 67 ಸ್ಥಾನ. ತುಂಡು ಹೆಚ್ಚಿದಷ್ಟೂ ಕಳುಹಿಸುವವರಿಗೆ ಖರ್ಚು ಹೆಚ್ಚು. ಹಳೆಯ ಕೀಪ್ಯಾಡ್ ಮೊಬೈಲ್‌ಗಳಲ್ಲಿ ಕನ್ನಡ ಮೂಡದೆ ಬರೀ ಚೌಕಗಳು ಕಾಣುವುದೂ ಉಂಟು. ಒಳ್ಳೆಯ ಸಂದೇಶ ಬರೆಯುವವರು ಇದಕ್ಕಾಗಿಯೇ ಒಂದು ಸಂದೇಶಕ್ಕೆ ಒಂದೇ ಕೆಲಸ ಹೇಳುತ್ತಾರೆ.

ನಮ್ಮ ಹಿರಿಯರು ಈ ಕಲೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು’ ಎಂಬ ಗಾದೆಯಲ್ಲಿ ಕಾಲ, ಮಳೆ, ಬೆಳೆಯ ಹಸಿವು ಮೂರೂ ಅಡಗಿವೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ. ಮಳೆ ನಕ್ಷತ್ರಗಳ ಲೆಕ್ಕ ತಲೆಮಾರುಗಳ ಸರಾಸರಿ ಅನುಭವ. ಎಸ್‌ಎಂಎಸ್ ಹೇಳುವುದು ಈ ವಾರದ ಮಾತು. ಒಂದಕ್ಕೆ ಇನ್ನೊಂದು ಎದುರಾಳಿ ಅಲ್ಲ.

## ಕೆಲವೆಡೆ, ಹಲವೆಡೆ, ಬಹುತೇಕ ಕಡೆ

ಈಗ ಚಿಕ್ಕಪ್ಪನ ಪ್ರಶ್ನೆಗೆ ಬರೋಣ. ಹವಾಮಾನ ಇಲಾಖೆಯ ಭಾಷೆಯಲ್ಲಿ ಈ ಪದಗಳಿಗೆ ಖಚಿತ ಅಳತೆ ಇದೆ. ಒಂದು ಪ್ರದೇಶದಲ್ಲಿ ನೂರು ಮಳೆಮಾಪನ ಕೇಂದ್ರಗಳಿವೆ ಎಂದುಕೊಳ್ಳಿ. ‘ಒಂದೆರಡು ಕಡೆ’ ಎಂದರೆ ಅವುಗಳಲ್ಲಿ 25ರವರೆಗೆ ಮಳೆ ಕಾಣಬಹುದು. ‘ಕೆಲವೆಡೆ’ ಎಂದರೆ 26ರಿಂದ 50. ‘ಹಲವೆಡೆ’ ಎಂದರೆ 51ರಿಂದ 75. ‘ಬಹುತೇಕ ಕಡೆ’ ಎಂದರೆ ಅದಕ್ಕೂ ಹೆಚ್ಚು.

ಅಂದರೆ ಕೆಲವೆಡೆ ಮಳೆ ಎಂಬ ಸಂದೇಶ ಬಂದ ದಿನ ನಿಮ್ಮ ಹೊಲ ನೆನೆಯದೇ ಇರುವ ಸಾಧ್ಯತೆ ಕಡಿಮೆಯೆಂದರೂ ಅರ್ಧಕ್ಕರ್ಧ. ಅದನ್ನು ನಂಬಿ ಬೀಜ ಹಾಕುವಂತಿಲ್ಲ. ಬಹುತೇಕ ಕಡೆ ಎಂದಿದ್ದರೆ ಮಾತು ಬೇರೆ.

ಪ್ರಮಾಣದ ಪದಗಳಿಗೂ ಅಳತೆ ಇದೆ. 24 ಗಂಟೆಗಳಲ್ಲಿ 2.5ರಿಂದ 15.5 ಮಿಲಿಮೀಟರ್ ಬಿದ್ದರೆ ಹಗುರ ಮಳೆ. 15.6ರಿಂದ 64.4ರವರೆಗೆ ಸಾಧಾರಣ. 64.5ರಿಂದ ಮೇಲಕ್ಕೆ ಭಾರಿ, 115.6ರಿಂದ ಅತಿ ಭಾರಿ. ಮಿಲಿಮೀಟರ್ ಎಂದರೆ ಹೊಲದಲ್ಲಿ ಎಷ್ಟು ನೀರು ಎಂದು ಕಲ್ಪಿಸಿಕೊಳ್ಳುವುದು ಕಷ್ಟ, ಹಾಗಾಗಿ ಲೆಕ್ಕವನ್ನು ಗುಂಟೆಗೆ ಇಳಿಸೋಣ. ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು ಬಿದ್ದರೆ ಅದು ಒಂದು ಮಿಲಿಮೀಟರ್ ಮಳೆ. ಒಂದು ಗುಂಟೆ ಸುಮಾರು ನೂರು ಚದರ ಮೀಟರ್. ಹತ್ತು ಮಿಲಿಮೀಟರ್ ಮಳೆ ಬಂದರೆ ಪ್ರತಿ ಗುಂಟೆಗೂ ಮನೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕ್ ಒಂದನ್ನು ಖಾಲಿ ಮಾಡಿದಂತೆ. ಎಕರೆಗೆ ಅಂಥ ನಲವತ್ತು ಟ್ಯಾಂಕ್.

ಕರ್ನಾಟಕದ ರೈತರಿಗೆ ಇನ್ನೊಂದು ಅನುಕೂಲ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಹೀಗಾಗಿ ನಿಮ್ಮ ಪಂಚಾಯಿತಿಯಲ್ಲಿ ನಿನ್ನೆ ಎಷ್ಟು ಮಳೆ ಬಿತ್ತು ಎಂಬ ಲೆಕ್ಕ ಸಿಗುತ್ತದೆ. ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ ಕರೆ ಮಾಡಿ ಹೋಬಳಿಯ ಹೆಸರು ಹೇಳಿದರೆ ಮಳೆಯ ವಿವರ, ಮುನ್ಸೂಚನೆ ಎರಡನ್ನೂ ಕೇಳಬಹುದು. ಸಂದೇಶದ ‘ಕೆಲವೆಡೆ’ಯನ್ನು ನಿಮ್ಮ ಹೋಬಳಿಗೆ ತಂದು ಕಟ್ಟುವ ದಾರಿ ಇದು.

## ಬಿತ್ತನೆಯ ಸಂದೇಶ: ಕರ್ನೂಲಿನ ಒಂದು ಮುಂಗಾರು

ನಮ್ಮ ಗಡಿಯಾಚೆಯ ಕರ್ನೂಲು ಜಿಲ್ಲೆಯಲ್ಲಿ 2016ರಲ್ಲಿ ಒಂದು ಪ್ರಯೋಗ ನಡೆಯಿತು. ಒಣಭೂಮಿ ಬೆಳೆಗಳ ಸಂಶೋಧನೆ ಮಾಡುವ ಇಕ್ರಿಸ್ಯಾಟ್ ಸಂಸ್ಥೆ, ಮೈಕ್ರೋಸಾಫ್ಟ್ ಮತ್ತು ಆಂಧ್ರ ಸರ್ಕಾರ ಸೇರಿ ದೇವನಕೊಂಡ ಮಂಡಲದ 175 ಕಡಲೆಕಾಯಿ ಬೆಳೆಗಾರರಿಗೆ ತೆಲುಗಿನಲ್ಲಿ ಎಸ್‌ಎಂಎಸ್ ಕಳುಹಿಸಿದವು. ಹಲವು ದಶಕಗಳ ಮಳೆಯ ದಾಖಲೆ ಮತ್ತು ಆ ವರ್ಷದ ಮುನ್ಸೂಚನೆಯನ್ನು ಕೂಡಿಸಿ, ಮಣ್ಣಿನಲ್ಲಿ ತೇವ ಎಂದು ನಿಲ್ಲುತ್ತದೆ ಎಂದು ಲೆಕ್ಕ ಹಾಕಿ, ಬಿತ್ತನೆಯ ವಾರವನ್ನು ತಿಳಿಸಲಾಗುತ್ತಿತ್ತು. ಅಲ್ಲಿನ ರೂಢಿಯಂತೆ ಬಿತ್ತನೆ ಜೂನ್ ಮೊದಲ ವಾರದಲ್ಲಿ. ಸಂದೇಶ ‘ಕಾಯಿರಿ’ ಎಂದಿತು. ಕಾದವರು ಜೂನ್ ಕೊನೆಯ ವಾರದಲ್ಲಿ ಬಿತ್ತಿದರು. ಇಳುವರಿ ಸರಾಸರಿ ಶೇ 30 ಹೆಚ್ಚಾಯಿತು ಎಂದು ಸಂಸ್ಥೆಗಳು ವರದಿ ಮಾಡಿದವು. ಅದು ಒಂದು ಮಂಡಲದ ಒಂದು ಹಂಗಾಮಿನ ಫಲಿತಾಂಶ ಎಂಬುದನ್ನು ಮರೆಯಬಾರದು. ಆದರೆ ಹಿಂದಿನ ತರ್ಕ ಎಲ್ಲ ಕಡೆಗೂ ಒಂದೇ.

ಮೊದಲ ಮಳೆ ಮೇಲ್ಮಣ್ಣನ್ನಷ್ಟೇ ನೆನೆಸುತ್ತದೆ. ಆ ತೇವಕ್ಕೆ ಬೀಜ ಮೊಳೆಯುತ್ತದೆ. ಆಮೇಲೆ ಹತ್ತು ದಿನ ಬಿಸಿಲು ಹೊಡೆದರೆ ಎಳೆಬೇರು ಕೆಳಗಿನ ಒಣಮಣ್ಣಿಗೆ ತಾಗಿ ಸೊರಗುತ್ತದೆ. ಆದ್ದರಿಂದ ‘ಬಿತ್ತಿರಿ’ ಎಂಬ ಸಂದೇಶ ಬಂದರೂ ಹೊಲದಲ್ಲಿ ಹಾರೆಯಿಂದ ಒಂದು ಗೇಣು ಅಗೆದು ನೋಡಬೇಕು. ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದಾಗ ಉಂಡೆಯಾಗಿ, ಬೆರಳಿಂದ ತಟ್ಟಿದಾಗ ಪುಡಿಯಾಗಿ ಉದುರಿದರೆ ಹದ. ಈ ಪರೀಕ್ಷೆಯನ್ನು ಯಾವ ಉಪಗ್ರಹವೂ ನಿಮ್ಮ ಪರವಾಗಿ ಮಾಡಲಾರದು.

## ಸಿಂಪಡಣೆಗೆ ಎರಡು ಒಣ ದಿನ

ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಿಗೆ ಈ ಸಂದೇಶಗಳ ಬೆಲೆ ಬೇರೆಯೇ. ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣವನ್ನು ಮುಂಗಾರು ಹಿಡಿಯುವ ಮುನ್ನ ಒಮ್ಮೆ, 40–45 ದಿನಗಳ ನಂತರ ಮತ್ತೊಮ್ಮೆ ಹೊಡೆಯಬೇಕು. ಎರಡನೆಯ ಸಲದ ಹೊತ್ತಿಗೆ ಮಳೆ ಬಿಡುವು ಕೊಡುವುದೇ ಅಪರೂಪ. ಮರ ಹತ್ತಿ ಹೊಡೆಯುವವರಿಗೆ ಎರಡು ದಿನ ಮೊದಲೇ ಹೇಳಬೇಕು. ‘ಗುರುವಾರ, ಶುಕ್ರವಾರ ಒಣಹವೆ’ ಎಂಬ ಒಂದು ಸಾಲು ಇಡೀ ತೋಟದ ಫಸಲನ್ನು ಉಳಿಸಬಲ್ಲದು.

ಆದರೆ ದ್ರಾವಣ ಮಾಡುವ ಕ್ರಮ ಎಪ್ಪತ್ತು ಸ್ಥಾನಗಳಲ್ಲಿ ಹಿಡಿಯುವುದಿಲ್ಲ. ಒಂದು ಕಿಲೊ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೊ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ ಬೆರೆಸಬೇಕು. ಪಾತ್ರೆ ಕಬ್ಬಿಣದ್ದಾಗಿರಬಾರದು. ಬೆರೆಸಿದ ಮೇಲೆ ಶುಭ್ರವಾದ ಕುಡುಗೋಲಿನ ತುದಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಕಂಡರೆ ದ್ರಾವಣದಲ್ಲಿ ಹುಳಿ ಉಳಿದಿದೆ, ಇನ್ನಷ್ಟು ಸುಣ್ಣದ ತಿಳಿ ಸೇರಿಸಬೇಕು. ಇಂಥ ಕೈಕೆಲಸ ತೋಟದಲ್ಲಿ ನೋಡಿ ಕಲಿಯುವಂಥದ್ದು. ‘ಯಾವಾಗ’ ಎಂದು ಹೇಳುವುದು ಎಸ್‌ಎಂಎಸ್‌ನ ಶಕ್ತಿ. ‘ಹೇಗೆ’ ಎಂಬುದಕ್ಕೆ ಅದು ಸಾಲದು.

ಹೊಸ ಕೀಟ ಬಂದಾಗ ಮಾತ್ರ ಎಸ್‌ಎಂಎಸ್‌ನಷ್ಟು ವೇಗ ಬೇರೆ ಯಾವುದಕ್ಕೂ ಇಲ್ಲ. ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ, 2018ರ ಮೇ ತಿಂಗಳಲ್ಲಿ. ಅದರ ಗುರುತು ಸುಲಭ: ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಆಕಾರದ ಬಿಳಿಗೆರೆ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಸುಳಿಯೊಳಗೆ ಮರದ ಹೊಟ್ಟಿನಂಥ ಹಿಕ್ಕೆ ಕಂಡರೆ ಹುಳು ಒಳಗಿದೆ. ಶಿಫಾರಸು ಇರುವ ಔಷಧಗಳಲ್ಲಿ ಒಂದು ಇಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ, ಲೀಟರಿಗೆ 0.4 ಗ್ರಾಂ. ಇಲ್ಲಿ ‘5’ ಎಂದರೆ ಪುಡಿಯಲ್ಲಿ ಶೇ 5ರಷ್ಟು ನಿಜವಾದ ಔಷಧ, ‘ಎಸ್‌ಜಿ’ ಎಂದರೆ ನೀರಿನಲ್ಲಿ ಕರಗುವ ಹರಳು. ಬೆನ್ನಿಗೆ ಹಾಕುವ 15 ಲೀಟರಿನ ಟ್ಯಾಂಕಿಗೆ 6 ಗ್ರಾಂ ಸಾಕು. ಬೆಳಗ್ಗೆ ಅಥವಾ ಸಂಜೆ, ಸುಳಿಯೊಳಕ್ಕೆ ಇಳಿಯುವಂತೆ ಹೊಡೆಯಬೇಕು.

## ಹಸುವಿನ ದಿನದರ್ಶಿ

ಬೆಳೆಗಿಂತಲೂ ಜಾನುವಾರಿಗೆ ಎಸ್‌ಎಂಎಸ್ ಚೆನ್ನಾಗಿ ಹೊಂದುತ್ತದೆ. ಮಳೆಯನ್ನು ಊಹಿಸಬೇಕು, ಹಸುವಿನ ಗರ್ಭದ ಲೆಕ್ಕವನ್ನು ಎಣಿಸಿದರೆ ಸಾಕು. ಕೆನ್ಯಾದಲ್ಲಿ ಸು ಕಹುಂಬು ಎಂಬ ಮಹಿಳೆ 2011ರಲ್ಲಿ ಆರಂಭಿಸಿದ ‘ಐಕೌ’ ಸೇವೆ ನಿಂತಿದ್ದು ಇದೇ ಸರಳ ತತ್ವದ ಮೇಲೆ. ಗರ್ಭ ಕಟ್ಟಿಸಿದ ದಿನವನ್ನು ರೈತ ತಿಳಿಸಿದರೆ, ಮುಂದಿನ ತಿಂಗಳುಗಳ ಸಂದೇಶಗಳು ಆ ಹಸುವಿನ ದಿನಕ್ಕೆ ಸರಿಯಾಗಿ ಬರುತ್ತವೆ.

ನಮ್ಮ ಕೊಟ್ಟಿಗೆಗೆ ಇದನ್ನು ಅನ್ವಯಿಸಿ ನೋಡೋಣ. ಹಸು ಬೆಳಗ್ಗೆ ಬೆದೆಗೆ ಬಂದದ್ದು ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು. ಜೂನ್ 1ರಂದು ಮಾಡಿಸಿದಿರಿ ಎನ್ನಿ. ಬೆದೆಯ ಚಕ್ರ 21 ದಿನದ್ದು, ಆದ್ದರಿಂದ ಜೂನ್ 22ರ ಆಸುಪಾಸು ಮತ್ತೆ ಬೆದೆಯ ಲಕ್ಷಣ ಕಾಣುತ್ತದೆಯೇ ಎಂದು ಗಮನಿಸಬೇಕು. ಕಾಣದಿದ್ದರೆ ಆಗಸ್ಟ್‌ನಲ್ಲಿ ಗರ್ಭಪರೀಕ್ಷೆ. ಕರು ಹಾಕುವುದಕ್ಕೆ ಎರಡು ತಿಂಗಳು ಮೊದಲು, ಅಂದರೆ ಜನವರಿ 7ರ ಹೊತ್ತಿಗೆ ಹಾಲು ಬತ್ತಿಸಬೇಕು. ಗರ್ಭಾವಧಿ ಸುಮಾರು 280 ದಿನ, ಮಾರ್ಚ್ 8ರ ಹಿಂದೆಮುಂದೆ ಕರು. ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಸಬೇಕು. ಕಸ, ಅಂದರೆ ಮಾಸು, ಬೀಳಲಿ ಎಂದು ಕಾಯಬಾರದು.

ಬಂದ ಬೆದೆಯನ್ನು ಗಮನಿಸದೆ ಬಿಟ್ಟ ಪ್ರತಿ ಸಲವೂ 21 ದಿನದ ಮೇವು ವ್ಯರ್ಥ. ಹಾಲಿನ ಲೆಕ್ಕದಲ್ಲಿ ಬದುಕುವ ಮನೆಗೆ ಅದು ಸಣ್ಣ ನಷ್ಟವಲ್ಲ. ಸಂದೇಶ ಬರಲಿ ಬಿಡಲಿ, ಈ ಐದು ದಿನಾಂಕಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಬಹುದು. ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆರಡು ಸಲ. ಗಳಲೆ ಮತ್ತು ಚಪ್ಪೆ ಬೇನೆಗೆ ಮಳೆಗಾಲಕ್ಕೆ ಮುಂಚೆ. ರಾಸು ಏಳಲಾರದೆ ಮಲಗಿದ್ದರೆ ಸಂದೇಶ ಹುಡುಕುತ್ತ ಕೂರದೆ 1962ಕ್ಕೆ ಕರೆ ಮಾಡಿ. ಅದು ಸಂಚಾರಿ ಪಶುಚಿಕಿತ್ಸಾ ವಾಹನದ ಉಚಿತ ಸಂಖ್ಯೆ.

## ಇದರಿಂದ ನಿಜವಾಗಿ ಪ್ರಯೋಜನ ಇದೆಯೇ?

ಇದೆ, ಆದರೆ ಎಲ್ಲ ಸಂದೇಶದಿಂದಲೂ ಅಲ್ಲ. ಮಹಾರಾಷ್ಟ್ರದ ನೂರು ಹಳ್ಳಿಗಳಲ್ಲಿ ಬೆಲೆ ಮತ್ತು ಹವಾಮಾನದ ಎಸ್‌ಎಂಎಸ್ ಸೇವೆಯೊಂದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೈತರಿಗೆ ಸಿಕ್ಕ ಬೆಲೆಯಲ್ಲಾಗಲಿ ನಷ್ಟದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಮುಂದೆ 2019ರಲ್ಲಿ, ಅದೇ ವರ್ಷ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೈಕೆಲ್ ಕ್ರೆಮರ್ ಮತ್ತು ಸಹಲೇಖಕರು ಆಫ್ರಿಕಾ ಹಾಗೂ ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದರು. ಮೊಬೈಲ್ ಸಲಹೆಯಿಂದ ಇಳುವರಿ ಸರಾಸರಿ ಶೇ 4 ಏರಿದ್ದನ್ನು ಅವರು ಕಂಡರು. ಎಕರೆಗೆ ಹತ್ತು ಕ್ವಿಂಟಲ್ ಬೆಳೆಯುವವರಿಗೆ ಅದು 40 ಕಿಲೊ. ದೊಡ್ಡ ಪವಾಡವಲ್ಲ, ಆದರೆ ಸಂದೇಶದ ಖರ್ಚಿಗೆ ಹೋಲಿಸಿದರೆ ಕಡಿಮೆಯೂ ಅಲ್ಲ.

ಓದು ಬಾರದವರಿಗೆ, ಕಣ್ಣು ಮಂಜಾದವರಿಗೆ ಅಕ್ಷರಕ್ಕಿಂತ ದನಿ ಮೇಲು. ಕಾಫಿ ಮಂಡಳಿ 2018ರಲ್ಲಿ ಚಿಕ್ಕಮಗಳೂರು, ಹಾಸನ ಭಾಗದ ಬೆಳೆಗಾರರಿಗಾಗಿ ‘ಕಾಫಿ ಕೃಷಿ ತರಂಗ’ ಎಂಬ ಧ್ವನಿ ಸೇವೆ ಆರಂಭಿಸಿದ್ದು ಈ ದಾರಿಯಲ್ಲೇ.

## ನಿಮಗೆ ಸರಿಯಾದ ಸಂದೇಶ ಬರಬೇಕಾದರೆ

ಬಹಳಷ್ಟು ಮನೆಗಳಲ್ಲಿ ಸಂದೇಶ ನಿರುಪಯೋಗಿಯಾಗುವುದು ನೋಂದಣಿಯಲ್ಲೇ. ಸಂಖ್ಯೆ ಪಟ್ಟಣದಲ್ಲಿರುವ ಮಗನದು, ಬೆಳೆ ಐದು ವರ್ಷ ಹಿಂದಿನದು, ಕೊಟ್ಟಿಗೆಯ ಹಸುಗಳ ಲೆಕ್ಕವೇ ಇಲ್ಲ. ತೆಂಗು ಬೆಳೆಯುವವರಿಗೆ ಹತ್ತಿಯ ಸಲಹೆ ಬರುತ್ತದೆ, ಅವರು ಎರಡನೆಯ ಸಲ ಓದುವುದನ್ನೇ ಬಿಡುತ್ತಾರೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ನಿಮ್ಮ ಎಫ್‌ಐಡಿಯಲ್ಲಿ (ರೈತರ ನೋಂದಣಿ ಗುರುತಿನ ಸಂಖ್ಯೆ) ಇರುವ ಮೊಬೈಲ್ ಸಂಖ್ಯೆಯನ್ನು ಒಮ್ಮೆ ಓದಿಸಿ ನೋಡಿ. ಹೊಲದಲ್ಲಿ ದುಡಿಯುವವರ ಸಂಖ್ಯೆ ಅಲ್ಲಿರಲಿ. ಎಷ್ಟೋ ಮನೆಗಳಲ್ಲಿ ಹಸು ನೋಡಿಕೊಳ್ಳುವುದು ಹೆಂಗಸರು, ಸಂದೇಶ ಬರುವುದು ಗಂಡಸರ ಜೇಬಿಗೆ. ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ಕ್ಕೆ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತನಾಡಿ ಎಂ-ಕಿಸಾನ್‌ಗೆ ನೋಂದಾಯಿಸಿಕೊಳ್ಳಬಹುದು, ಅರ್ಥವಾಗದ ಸಂದೇಶದ ಬಗ್ಗೆ ಕೇಳಲೂಬಹುದು. ಸ್ಮಾರ್ಟ್‌ಫೋನ್ ಇದ್ದವರಿಗೆ ಹವಾಮಾನ ಇಲಾಖೆಯ ‘ಮೇಘದೂತ್’ ಆ್ಯಪ್‌ನಲ್ಲಿ ಇಡೀ ಸಲಹಾ ಪತ್ರ ಸಿಗುತ್ತದೆ.

ಕೊನೆಯದಾಗಿ ಮೋಸದ ಸಂದೇಶಗಳು. 2025ರಿಂದ ಎಸ್‌ಎಂಎಸ್ ಕಳುಹಿಸುವವರ ಹೆಸರಿನ ಕೊನೆಯಲ್ಲಿ ಅಡ್ಡಗೆರೆ ಮತ್ತು ಒಂದು ಇಂಗ್ಲಿಷ್ ಅಕ್ಷರ ಇರಬೇಕೆಂಬ ನಿಯಮ ಬಂದಿದೆ. ಸರ್ಕಾರದ್ದಕ್ಕೆ ‘ಜಿ’, ಜಾಹೀರಾತಿಗೆ ‘ಪಿ’. ಹತ್ತಂಕಿಯ ಮಾಮೂಲಿ ಸಂಖ್ಯೆಯಿಂದ ಬಂದದ್ದು, ಸಹಾಯಧನದ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬಂದ ಆ್ಯಪ್ ಕಡತ, ಒಟಿಪಿ ಕೇಳುವ ಕರೆ, ಇವು ಯಾವುವೂ ಕೃಷಿ ಸಲಹೆಯಲ್ಲ. ಮಳೆಯ ವಿಷಯ ಹೇಳಲು ಯಾರಿಗೂ ನಿಮ್ಮ ಬ್ಯಾಂಕ್ ಖಾತೆ ಬೇಕಿಲ್ಲ. ಅಂಥದ್ದನ್ನು ತೆರೆಯದೆ ಅಳಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ.